ಬೆಕ್ಕು ಬಾಗಿಲು ಮುಟ್ಟುವುದಿಲ್ಲ

ಲಿಫ್ಟ್ ಮೇಸ್ತ್ರಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಭಾಷೆ ಕಲಿಯುವ ಹುಚ್ಚು ಹತ್ತಿಸಿದ್ದು ಒಂದು ಕೈಪಿಡಿ. ಅವನು ನೋಡಿಕೊಳ್ಳುತ್ತಿದ್ದ ಏಳಂತಸ್ತಿನ ಕಟ್ಟಡಕ್ಕೆ ಹೊಸ ಲಿಫ್ಟ್ ಬಂದಿತ್ತು. ಜೊತೆಗೆ ಬಂದ ಇಟ್ಟಿಗೆಯಷ್ಟು ದಪ್ಪದ ಕೈಪಿಡಿ ಪೂರ್ತಿ ಅದನ್ನು ತಯಾರಿಸಿದ ಪರದೇಶದ ಕಾರ್ಖಾನೆಯವರ ಭಾಷೆಯಲ್ಲಿತ್ತು. ಅನುವಾದ ಕಳಿಸುತ್ತೇವೆ ಎಂದವರು ಮೂರು ತಿಂಗಳಾದರೂ ಪತ್ತೆಯಿಲ್ಲ. ರೋಸಿಹೋದ ಮೇಸ್ತ್ರಿ, ಮನೆಯಲ್ಲೇ ಕೂತು ಭಾಷೆ ಕಲಿಯಿರಿ ಎಂಬ ನೂರು ಪಾಠಗಳನ್ನು ಫೋನಿಗೆ ಹಾಕಿಕೊಂಡ.

ದಿನಾ ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತಾ ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದ. ಬೆಕ್ಕು ಮೇಜಿನ ಕೆಳಗಿದೆ. ಬೆಕ್ಕು ಹಾಲು ಮುಟ್ಟುವುದಿಲ್ಲ. ಬಾಗಿಲು ದೂರದಲ್ಲಿದೆ.

"ಎದುರಿಗೆ ಮಾತಾಡೋರೇ ಇಲ್ಲದೆ ಮಾತು ಹೇಗ್ರೀ ಬರುತ್ತೆ?" ಅಂದಳು ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು. "ನಿಮ್ಮ ಲಿಫ್ಟಲ್ಲಿ ಬೆಕ್ಕು ಎಲ್ಲಿಂದ ಬಂತು?"

"ಬ್ರೇಕು, ಹಗ್ಗ ಎಲ್ಲಾ ಮುಂದಿನ ಪಾಠದಲ್ಲಿ ಬರುತ್ತೆ ಕಣೇ," ಎಂದ ಮೇಸ್ತ್ರಿ. ಬರಲಿಲ್ಲ.

ಇಪ್ಪತ್ತನೆಯ ಪಾಠ ಮುಗಿದ ದಿನ ಕೈಪಿಡಿಯಲ್ಲಿ ಒಂದೇ ಸಾಲಿರುವ ಪುಟ ಹುಡುಕಿ, ನಿಘಂಟು ಹಿಡಿದು ಒಂದು ಗಂಟೆ ಗುದ್ದಾಡಿ ಅರ್ಥ ಬಿಡಿಸಿದ. 'ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ.' ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಸ್ತ್ರಿಗೆ ಮಾತ್ರ ಬೆಟ್ಟ ಹತ್ತಿ ಇಳಿದಷ್ಟು ಖುಷಿ.

ಮೂವತ್ತೊಂದನೆಯ ಪಾಠ ನಡೆಯುತ್ತಿದ್ದ ವಾರ ಕಟ್ಟಡದ ಕಾವಲುಗಾರನ ಫೋನು ಬಂತು. ಲಿಫ್ಟು ಮೂರು ನಾಲ್ಕನೇ ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗಿದ್ದವರು ಐದನೇ ಮಹಡಿಯ ಮಗಳ ಮನೆಗೆ ಬಂದಿದ್ದ ಪರದೇಶದ ಅಜ್ಜಿ.

"ನಾವ್ ಹೇಳಿದ್ದು ಅವರಿಗೆ ಒಂದಕ್ಷರ ಅರ್ಥ ಆಗ್ತಿಲ್ಲ ಮೇಸ್ತ್ರಿ. ಮಗಳು ಫೋನ್ ಎತ್ತುತ್ತಾ ಇಲ್ಲ. ಗಾಬರಿಯಿಂದ ಬಾಗಿಲು ಎಳೀತಾನೇ ಇದ್ದಾರೆ," ಎಂದ ಕಾವಲುಗಾರ.

ಒಳಬಾಗಿಲು ಒಂದು ಬೆರಳಷ್ಟು ಸರಿದಿದ್ದರೂ ಆ ಲಿಫ್ಟು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಅಜ್ಜಿ ಕೈ ಬಿಡಲೇಬೇಕು. ಓಡಿಬಂದ ಮೇಸ್ತ್ರಿ ಮೆಟ್ಟಿಲ ಮೇಲೆ ಬಗ್ಗಿ ಕಿವಿಗೊಟ್ಟ. ಒಳಗಿಂದ ಬಂದ ಅಳುದನಿಯ ಮಾತಿನ ಲಯ ಅವನಿಗೆ ಗುರುತು ಸಿಕ್ಕಿತು. ಅದೇ ಭಾಷೆ! ಆದರೆ 'ಬಿಡಿ', 'ಕೂತುಕೊಳ್ಳಿ' ಎಂಬಂಥ ಆಜ್ಞೆಯ ಮಾತು ನಲವತ್ತನೆಯ ಪಾಠದಲ್ಲಿತ್ತು. ಗಂಟಲು ಸರಿಮಾಡಿಕೊಂಡು ತನಗೆ ಬಂದಷ್ಟನ್ನೇ ಕೂಗಿದ.

"ಬೆಕ್ಕು ಬಾಗಿಲು ಮುಟ್ಟುವುದಿಲ್ಲ!"

ಒಳಗೆ ಅಳು ಗಕ್ಕನೆ ನಿಂತಿತು.

"ಬೆಕ್ಕು ದೂರ ಕೂತಿದೆ. ಬೆಕ್ಕು ಚೆನ್ನಾಗಿದೆ. ನಾನು ಲಿಫ್ಟ್!" ಎಂದು ಸೇರಿಸಿದ. ಲಿಫ್ಟ್ ರಿಪೇರಿ ಮಾಡುವವನು ಅನ್ನಲು ಅವನಿಗೆ ಬರುತ್ತಿರಲಿಲ್ಲ.

ಮೊದಲು ಮೂಗಿನಲ್ಲಿ, ಆಮೇಲೆ ಬಾಯ್ತುಂಬಾ ಅಜ್ಜಿ ನಗುವುದು ಕೇಳಿಸಿತು. ಬಾಗಿಲು ಟಕ್ಕೆಂದು ಕೂಡಿಕೊಂಡಿತು. "ಬೆಕ್ಕು ಕೂತಿದೆ," ಎಂದರು ಅಜ್ಜಿ, ಮಗುವಿಗೆ ಹೇಳುವಂತೆ ಬಿಡಿಬಿಡಿಸಿ. ಮೇಸ್ತ್ರಿ ಎರಡೆರಡು ಮೆಟ್ಟಿಲು ಹಾರಿ ಮೇಲಿನ ಯಂತ್ರದ ಕೋಣೆಗೆ ಓಡಿದ. ಐದು ನಿಮಿಷದಲ್ಲಿ ಲಿಫ್ಟು ನಾಲ್ಕನೇ ಮಹಡಿಗೆ ಬಂದು ನಿಂತಿತು.

ಹೊರಬಂದ ಅಜ್ಜಿ ಅವನ ಎರಡೂ ಕೈ ಹಿಡಿದು ಗಡಗಡನೆ ಅದೇನೇನೋ ಹೇಳಿದರು. ಮೇಸ್ತ್ರಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಸುಮ್ಮನೆ ಹಲ್ಲು ಕಿರಿದ.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿ, "ನೀನು ಹೇಳಿದ್ದೂ ಸರಿನೇ," ಎಂದು ಒಪ್ಪಿಕೊಂಡ. "ಹೇಳೋಕೆ ಬಂತು, ಕೇಳೋಕೆ ಬರಲಿಲ್ಲ."

"ಅಯ್ಯೋ, ಆ ಅಜ್ಜಿ ಅಲ್ಲೇ ಇದ್ದಾರಲ್ಲ! ಹೋಗಿ ಕೂತ್ಕೊಂಡು ಮಾತಾಡ್ರೀ," ಅಂದಳು ಅವಳು.

ಅಜ್ಜಿಗೂ ಮಗಳು ಕೆಲಸಕ್ಕೆ ಹೋದ ಮೇಲೆ ಹೊತ್ತು ಹೋಗುತ್ತಿರಲಿಲ್ಲ. ವಾರಕ್ಕೆರಡು ಮಧ್ಯಾಹ್ನ ಮೇಸ್ತ್ರಿ ಕೈಪಿಡಿ ಬಗಲಲ್ಲಿಟ್ಟುಕೊಂಡು ಐದನೇ ಮಹಡಿಗೆ ಹತ್ತತೊಡಗಿದ. ಹೊಸ ಪಾಠ ಬೆಳಿಗ್ಗೆ ಫೋನಿನಲ್ಲಿ, ಅದರ ಪರೀಕ್ಷೆ ಅಜ್ಜಿಯ ಅಡುಗೆಮನೆಯಲ್ಲಿ. ಬ್ರೇಕಿನ ಪುಟ ಬಂದಾಗ ಅಜ್ಜಿ ಪದ ಓದಿ ಹೇಳುವರು; ಅದು ಯಾವ ಭಾಗವೆಂದು ಇವನು ಚಮಚ, ದಾರದುಂಡೆ ಇಟ್ಟು ತೋರಿಸುವನು. ತಪ್ಪು ಉಚ್ಚರಿಸಿದರೆ ಬೆರಳಿನ ಮೇಲೆ ಸೌಟಿನಿಂದ ಒಂದು ಮೆತ್ತಗಿನ ಏಟು.

ಮಳೆಗಾಲದ ಹೊತ್ತಿಗೆ ಒಂದು ಬಿಡಿಭಾಗ ಬೇಕಾಗಿ ಮೇಸ್ತ್ರಿ ಮೊದಲ ಬಾರಿಗೆ ನೇರ ಕಾರ್ಖಾನೆಗೇ ಫೋನು ಮಾಡಿದ. ಬೇಕಾದ್ದನ್ನು ಹೇಳಿದ, ಅತ್ತ ಕಡೆಯವನ ಮಾತನ್ನು ಮೂರು ಸಲ ಹೇಳಿಸಿಯಾದರೂ ಕೊನೆಗೆ ಅರ್ಥ ಮಾಡಿಕೊಂಡ. ಅತ್ತಲಿನ ಇಂಜಿನಿಯರ್ ನಗು ತಡೆಯಲಾರದೆ ಕೇಳಿದ.

"ಸ್ವಾಮೀ, ತಪ್ಪು ತಿಳೀಬೇಡಿ. ನಮ್ಮ ಭಾಷೆ ನಿಮಗೆ ಕಲಿಸಿದ್ದು ಯಾರು? ಥೇಟು ನಮ್ಮ ಅಜ್ಜಿ ಗದರಿಸಿದ ಹಾಗೇ ಇದೆ!"

"ಅರ್ಧ ನಾನೇ ಕಲಿತದ್ದು," ಎಂದ ಮೇಸ್ತ್ರಿ ಹೆಮ್ಮೆಯಿಂದ. "ಭಾಗ ಬೇಗ ಕಳಿಸಪ್ಪ."

ನಾಲ್ಕನೆಯ ದಿನವೇ ಬಂತು.