ರಘುರಾಮಣ್ಣನ ಗಂಟೆ ಮತ್ತು ಅಪ್ಪಿಯ ಕಾಫಿ

ಪುಣೆ ಕ್ಯಾಂಪಿನ ಹೋಟೆಲ್ ರಘುರಾಮಣ್ಣ ಪ್ರಾಯದಲ್ಲಿ ಒಂದೇ ತೋಳಿನ ಮೇಲೆ ಹನ್ನೊಂದು ದೋಸೆ ತಟ್ಟೆ ಸಾಲಾಗಿ ಇಟ್ಟುಕೊಂಡು ನಡೆಯುತ್ತಿದ್ದರು. ಒಮ್ಮೆ ಭೂಮಿ ನಡುಗಿದಾಗ ಗಿರಾಕಿಗಳೆಲ್ಲ ರಸ್ತೆಗೆ ಓಡಿದರು. ರಘುರಾಮಣ್ಣನ ತೋಳಿನ ಮೇಲೆ ಚಟ್ನಿ ಕೂಡ ಅಲುಗಲಿಲ್ಲ. ಅದನ್ನು ನೋಡಿ ಭೂಮಿಯೇ ನಾಚಿ ನಿಂತಿತು. ಆ ಚಟ್ನಿ ತಿಂದವರು ಇನ್ನೂ ಇದ್ದಾರೆ, ಬೇಕಾದರೆ ಕೇಳಿ.

ಅಂಥವರಿಗೆ ಪಾರ್ಕಿನ್ಸನ್ ಬಂತು. ಕೈ ನಡುಗುವುದು ಎಲ್ಲರಿಗೂ ಕಾಣಿಸಿತು. ಕಾಣದೆ ಉಳಿದದ್ದು ಬೇರೆ: ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತಾಗಿ, ಮೈ ಮಾತ್ರ ತಿರುಗಿಬಿಡುತ್ತಿತ್ತು. ಒಂದು ದಿನ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ತಿರುಗಿದವರು ಬಿದ್ದರು. ಲೋಟ ನೆಗ್ಗಿತು. ಪುಣ್ಯಕ್ಕೆ ಮೂಳೆ ಉಳಿಯಿತು.

ಆ ಕಾಫಿ ಹೆಂಡತಿ ಅಪ್ಪಿಗೆ. ಊರಿಗೆಲ್ಲ ಬಡಿಸುವ ಮೊದಲು, ದಿನದ ಮೊದಲ ಕಾಫಿ ಅಪ್ಪಿಗೆ ಅವರ ಕೈಯಿಂದಲೇ. ಮದುವೆಯಾದಂದಿನಿಂದ ಹಾಗೆ. ಬಿದ್ದ ಮೇಲೆ ಅದು ನಿಂತುಹೋಯಿತು.

ಮನೆಯವರು ಪ್ರೀತಿಯಿಂದ ಒಂದು ವ್ಯವಸ್ಥೆ ಮಾಡಿದರು. ಹೋಟೆಲಿನ ಕೌಂಟರಿನ ಗಂಟೆ ತಂದು ಸೋಫಾದ ಪಕ್ಕ ಇಟ್ಟರು. ರಘುರಾಮಣ್ಣ ಟಿಣ್ ಅನ್ನಿಸಿದರೆ ಮಗ ಸುಖೇಶ್ ಒಂದು ಕೈ, ಸೊಸೆ ತೃಪ್ತಿ ಇನ್ನೊಂದು ಕೈ ಹಿಡಿದು ಎಳೆದು ನಿಲ್ಲಿಸುತ್ತಿದ್ದರು. ಹೋಟೆಲಿನ ಮಂದಿಯಲ್ಲವೇ, ಕೂತವರು ತಾವೇ ಎದ್ದು ನೀರು ತಂದುಕೊಂಡರೆ ಈ ಮನೆಯವರಿಗೆ ಅವಮಾನ. ಮಳೆಗಾಲ ಮುಗಿಯುವಷ್ಟರಲ್ಲಿ ಸೋಫಾ ರಘುರಾಮಣ್ಣನನ್ನು ಅರ್ಧ ನುಂಗಿತ್ತು. ಉಳಿದರ್ಧ ಟೀವಿ ನೋಡುತ್ತಿತ್ತು.

ಆಗ ಬಂದವಳು ಹರ್ಷದಾ, ಡಾಕ್ಟರು ಕಳಿಸಿದ ಫಿಸಿಯೋಥೆರಪಿಸ್ಟ್. ಬೆಳಗಾವಿ ಕಡೆಯವಳು.

"ಕಾಕಾ, ನಿಮ್ಮ ಕೋರ್ ಗಟ್ಟಿ ಮಾಡಬೇಕ್ರಿ. ಅಂದ್ರ ಹೊಟ್ಟಿ, ಬೆನ್ನು, ಸೊಂಟದ ಸುತ್ತಿನ ಸ್ನಾಯು."

ರಘುರಾಮಣ್ಣ ಹೊಟ್ಟೆ ತಟ್ಟಿಕೊಂಡರು. "ನಲವತ್ತು ವರ್ಷದ ದೋಸೆ ಉಂಟು ಇಲ್ಲಿ. ಇನ್ನೆಷ್ಟು ಗಟ್ಟಿ ಬೇಕು ಮಾರಾಯ್ತಿ? ನಡುಗುವುದು ಕೈ. ಕೈಗೆ ಎಂತಾದ್ರೂ ಮಾಡು."

ಅಪ್ಪಿಗೆ ನಗು ಬರಲಿಲ್ಲ. "ವ್ಯಾಯಾಮ ಎಲ್ಲ ಬೇಡ. ಇನ್ನೊಮ್ಮೆ ಬಿದ್ರೆ? ಕೂತ್ಕೊಂಡೇ ಇರ್ಲಿ. ಕಣ್ಣೆದುರು ಇದ್ರೆ ನಂಗೆ ಸಾಕು."

"ಕೂತಷ್ಟೂ ಮೈ ಸಡಿಲ ಆಗ್ತದ, ಕಾಕು. ಸಡಿಲ ಆದಷ್ಟೂ ಬೀಳೂದು ಜಾಸ್ತಿ." ಹರ್ಷದಾ ರಘುರಾಮಣ್ಣನನ್ನು ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂರಿಸಿದಳು. "ಹೋಟೆಲ್‌ನ್ಯಾಗ ಎಲ್ಲಾರೂ ಹೇಳ್ತಾರಲ್ಲ, ಆ ಹನ್ನೊಂದು ದೋಸಿ ತಾಟು ಹೆಂಗ ಹಿಡೀತಿದ್ರಿ, ಕೂತಲ್ಲೇ ತೋರಸ್ರಿ."

ರಘುರಾಮಣ್ಣ ಎಡತೋಳು ಚಾಚಿದರು. ಕೈ ನಡುಗಿತು. ಆದರೆ ಬಗ್ಗಿದ್ದ ಬೆನ್ನು ತಾನಾಗಿ ನೆಟ್ಟಗಾಯಿತು, ಹೊಟ್ಟೆ ಒಳಗೆ ಹೋಯಿತು.

ಹರ್ಷದಾ ಅವರ ಸೊಂಟಕ್ಕೆ ಬೆರಳು ತಾಗಿಸಿದಳು. "ತಾಟು ಹಿಡಿದದ್ದು ಕೈ ಒಂದೇ ಅಲ್ರಿ. ಇದು."

ರಘುರಾಮಣ್ಣ ತಾವೂ ಸೊಂಟ ಮುಟ್ಟಿ ನೋಡಿಕೊಂಡರು. "ಆಯ್ತು. ಆದ್ರೆ ಒಂದು ಮಾತು. ಅಪ್ಪಿಗೆ ಕಾಫಿ ಮತ್ತೆ ನಾನೇ ಮಾಡುವ ಹಾಗೆ ಆಗ್ಬೇಕು."

ಅಪ್ಪಿ ಎದ್ದು ಒಳಗೆ ಹೋದರು. ಒಳಗೆ ಅವರಿಗೆ ಏನೂ ಕೆಲಸವಿರಲಿಲ್ಲ.

ಪಾರ್ಕಿನ್ಸನ್ ಮಾತ್ರೆ ಕೆಲಸ ಮಾಡಿ ಮೈ ಹಗುರಾಗುವ ಹೊತ್ತಿಗೆ ವ್ಯಾಯಾಮ ಶುರುವಾಗುತ್ತಿತ್ತು. ಹಾಸಿಗೆಯಲ್ಲಿ ಮಲಗಿ, ಮಂಡಿ ಮಡಚಿ, ಸೊಂಟ ನಿಧಾನ ಮೇಲೆತ್ತುವುದು. ಕುರ್ಚಿಯಲ್ಲಿ ನೆಟ್ಟಗೆ ಕೂತು ಒಂದೊಂದೇ ಮಂಡಿ ಎತ್ತುವುದು. ಉಸಿರು ಬಿಗಿಹಿಡಿಯಬಾರದು ಎಂದದ್ದಕ್ಕೆ ರಘುರಾಮಣ್ಣ ಒಂದೊಂದು ಸಲಕ್ಕೆ ಒಂದೊಂದು ತಿಂಡಿಯ ಹೆಸರು ಕೂಗತೊಡಗಿದರು. ಮನೆಯ ಕೆಳಗೇ ಹೋಟೆಲು. ಆ ವಾರ ಹಲವು ಗಿರಾಕಿಗಳಿಗೆ ಕೇಳದೇ ವಡೆ ಬಂತು.

"ಏಳುವಾಗ ಯಾರೂ ಎಳೀಬ್ಯಾಡ್ರಿ," ಎಂದಳು ಹರ್ಷದಾ. "ಕುರ್ಚಿ ತುದಿಗೆ ಬರ್ರಿ, ಪಾದ ಹಿಂದ ತಗೋರಿ, ಮುಂದ ಬಾಗ್ರಿ, ಏಳ್ರಿ. ತಿರುಗುವಾಗ ನಿಂತಲ್ಲೇ ಗಿರಕಿ ಬ್ಯಾಡ. ಸಣ್ಣ ಸಣ್ಣ ಹೆಜ್ಜಿ, ಅರ್ಧಚಂದ್ರದಂಗ."

ಸುಖೇಶ್ ಪಕ್ಕದಲ್ಲೇ ಕೈ ಕಟ್ಟಿ ನಿಂತ. ಎಳೆಯದೆ ಇರುವುದು ಅವನಿಗೆ ಅಪ್ಪನದಕ್ಕಿಂತ ಕಷ್ಟದ ವ್ಯಾಯಾಮ.

"ಇನ್ನೊಂದು, ಕಾಕಾ. ಬಿಸಿ ಕಾಫಿ ಹಿಡಕೊಂಡು ನಡ್ಯೂದು ಬ್ಯಾಡೇ ಬ್ಯಾಡ."

ರಘುರಾಮಣ್ಣನ ಮುಖ ಸಣ್ಣದಾಯಿತು. "ಮತ್ತೆ ಅಪ್ಪಿಗೆ ಕೊಡುವುದು ಹೇಗೆ?"

"ಅದನ್ನ ನೀವೇ ವಿಚಾರ ಮಾಡ್ರಿ, ಕಾಕಾ," ಎಂದು ಹರ್ಷದಾ ಚೀಲ ಹೆಗಲಿಗೇರಿಸಿದಳು.

ಚಳಿಗಾಲದ ಒಂದು ಬೆಳಿಗ್ಗೆ ಅಪ್ಪಿ ದೇವರಿಗೆ ಹೂ ಇಡುತ್ತಿದ್ದಾಗ ಗಂಟೆ ಟಿಣ್ ಎಂದಿತು. ಸೋಫಾದಿಂದಲ್ಲ, ಅಡುಗೆಮನೆಯಿಂದ. ಹೂ ಬಿಟ್ಟು ಓಡಿದರು. "ಅಯ್ಯೋ, ಬಿದ್ರಾ?"

ರಘುರಾಮಣ್ಣ ಅಡುಗೆ ಕಟ್ಟೆಯ ಪಕ್ಕ ನೆಟ್ಟಗೆ ನಿಂತಿದ್ದರು. ಕೈಗೆಟಕುವಷ್ಟು ದೂರದಲ್ಲಿ ತೃಪ್ತಿ. ಕಟ್ಟೆಯ ಮೇಲೆ ಆ ನೆಗ್ಗಿದ ಲೋಟದಲ್ಲಿ ಕಾಫಿ. ಲೋಟದ ಸುತ್ತ ಇನ್ನಷ್ಟು ಕಾಫಿ.

"ಇವತ್ತಿಂದ ಸೆಲ್ಫ್ ಸರ್ವಿಸ್," ಎಂದರು. "ಗಿರಾಕಿಯೇ ಕೌಂಟರಿಗೆ ಬಂದು ತಕ್ಕೊಳ್ಬೇಕು."

ಅಪ್ಪಿ ನಿಂತೇ ಕುಡಿದರು. "ಸಕ್ಕರೆ ಜಾಸ್ತಿಯಾಯ್ತು," ಎಂದರು. ಆಮೇಲೆ ಲೋಟ ಕಟ್ಟೆಯ ಮೇಲಿಟ್ಟು ಅವರ ಕಡೆಗೆ ಸರಿಸಿದರು. "ಇನ್ನರ್ಧ ಹಾಕಿ."

ಚಟ್ನಿಯ ಸಂಗತಿ ನೀವು ನಂಬದಿದ್ದರೂ ನಡೆಯುತ್ತದೆ, ಇದನ್ನು ಮಾತ್ರ ನಂಬಿ. ವ್ಯಾಯಾಮದಿಂದ ಪಾರ್ಕಿನ್ಸನ್ ಹೋಗುವುದಿಲ್ಲ, ಕೈ ನಡುಕ ನಿಲ್ಲಲಿಕ್ಕಿಲ್ಲ. ಆದರೆ ಹೊಟ್ಟೆ, ಬೆನ್ನು, ಸೊಂಟ ಗಟ್ಟಿಯಾದರೆ ಮೈ ಸಮತೋಲ ತಪ್ಪದೆ ನಿಲ್ಲುವುದು ಸುಲಭವಾಗುತ್ತದೆ. ನಿಮ್ಮ ಮನೆಯಲ್ಲೂ ಯಾರನ್ನಾದರೂ ಪ್ರೀತಿಯಿಂದ ಸೋಫಾಕ್ಕೆ ಒಪ್ಪಿಸಿದ್ದರೆ, ಇವತ್ತೇ ಡಾಕ್ಟರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ, ಅವರ ಮೈಗೆ ತಕ್ಕ ವ್ಯಾಯಾಮ ಶುರು ಮಾಡಿಸಿ. ಮಾತ್ರೆ ಬಿಡಿಸಬೇಡಿ. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಪಕ್ಕದಲ್ಲಿ ನಿಲ್ಲಿ, ಎಳೆಯಬೇಡಿ.

ಸೋಫಾದಲ್ಲಿ ಕೂತ ಅವರ ಕೈಯಿಂದ ಯಾರಿಗೋ ಒಂದು ಲೋಟ ಕಾಫಿ ಇನ್ನೂ ಬಾಕಿ ಇದೆ.