ಹನ್ನೊಂದು ವರ್ಷ ಉರಿಯದ ಒಲೆ

೧೯೬೧ರಲ್ಲಿ ಮಗಳು ಸುಮತಿಗೆ ಮೆಡಿಕಲ್ ಸೀಟು ಬೇಕಾದಾಗ, ರಘುರಾಮ ರಾಯರು ಯಾವ ರಾಜ್ಯದವರು ಎಂಬ ಪ್ರಶ್ನೆ ಎದ್ದಿತು. ಅವರು ಉಡುಪಿಯಿಂದ ಪೆರಂಬೂರಿಗೆ ಬಂದು ಹೋಟೆಲು ಹಾಕಿದಾಗ ಎರಡೂ ಊರು ಮದರಾಸು ರಾಜ್ಯದಲ್ಲೇ ಇದ್ದವು. ಐವತ್ತಾರರಲ್ಲಿ ಉಡುಪಿ, ಇವರನ್ನೊಂದು ಮಾತೂ ಕೇಳದೆ, ಮೈಸೂರಿಗೆ ಹೋಯಿತು. ಈಗ ಮದರಾಸಿನ ಕಾಯಂ ನಿವಾಸಿ ಎಂಬ ಸರ್ಟಿಫಿಕೇಟು ಸೋಮವಾರದೊಳಗೆ ಕೊಡದಿದ್ದರೆ ಸೀಟಿಲ್ಲ.

ವಿಚಾರಣೆಗೆ ಬಂದ ರೆವಿನ್ಯೂ ಇನ್‌ಸ್ಪೆಕ್ಟರ್ ಬದರಿನಾಥನ್ ನೆಟ್ಟಗೆ ಅಡುಗೆಮನೆಗೆ ನಡೆದರು. ಒಲೆಯೊಳಗೆ ಬೆರಳಾಡಿಸಿ ಮೂಸಿದರು. ಬೂದಿಯಿಲ್ಲ, ಮಸಿಯಿಲ್ಲ.

"ಸೀಟಿಗಾಗಿ ಹೋದ ವಾರ ಹಿಡಿದ ಮನೆಯೋ?"

"ಅಯ್ಯೋ ಸಾರ್, ಮೂರು ಹೊತ್ತೂ ಹೋಟೆಲಿಂದ ಕ್ಯಾರಿಯರ್ ಬರ್ತದೆ. ಹೋಟೆಲಿನವರ ಮನೆಯಲ್ಲಿ ಅಡುಗೆ ಎಂತಕ್ಕೆ?" ಎಂದರು ರಾಯರು.

"ಬಾಡಿಗೆ ರಸೀದಿ?"

ಅದೂ ಇರಲಿಲ್ಲ. ರಸೀದಿ ಕೊಟ್ಟರೆ ಬಾಡಿಗೆದಾರ ಮನೆ ಬಿಡುವುದಿಲ್ಲ ಎಂಬುದು ಮಹಡಿಯಲ್ಲಿದ್ದ ಮನೆಯ ಮಾಲಕಿ ಜಯಲಕ್ಷ್ಮೀ ಅಮ್ಮಾಳಳ ಸಿದ್ಧಾಂತ. ಇನ್‌ಸ್ಪೆಕ್ಟರು ಮೆಟ್ಟಿಲ ಬುಡದಿಂದ ಕೂಗಿ ಕೇಳಿದಾಗ ಆಕೆ ಅವರ ಕೈಯ ಕಾಗದವನ್ನೇ ನೋಡಿದಳು.

"ಯಾರೋ ಇದ್ದಾರಪ್ಪ. ಎಷ್ಟು ದಿನವಾಯಿತೋ, ನನಗೇನು ಗೊತ್ತು?" ಎಂದು ಬಾಗಿಲು ಹಾಕಿಕೊಂಡಳು.

ಇನ್‌ಸ್ಪೆಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು. ರಾಯರು ಕುರ್ಚಿ ಎಳೆದರು.

"ಕೂತ್ಕೊಳ್ಳಿ ಸಾರ್, ಕಾಪಿ ತರಿಸ್ತೇನೆ, ಹೋಟೆಲಿಂದ..."

"ಸುಮ್ನಿರಿ ನೀವು! ಇನ್ನು ಆ ಹೋಟೆಲಿನ ಹೆಸರೆತ್ತಬೇಡಿ," ಎಂದು ಹೆಂಡತಿ ಚಂದ್ರಮತಿ, ತಾನೇ ಕಾಪಿ ಮಾಡಲು, ಮಾವಿನಹಣ್ಣಿನ ಪೆಟ್ಟಿಗೆಯೊಂದನ್ನು ಮುರಿದು ಒಲೆಗೆ ತುರುಕಿ ಬೆಂಕಿ ಹಚ್ಚಿದಳು.

ಚಿಮಣಿಯಲ್ಲಿ ಗುಬ್ಬಿಗಳು ಸಂಸಾರ ಹೂಡಿದ್ದುವೇನೋ. ಹೊಗೆ ಹಿಂದಿರುಗಿ, ಮೆಟ್ಟಿಲು ಹತ್ತಿ, ಜಯಲಕ್ಷ್ಮೀ ಅಮ್ಮಾಳ್ ಬಾಗಿಲು ತಟ್ಟಿತು. ಆಕೆ ಸೆರಗು ಮೂಗಿಗೊತ್ತಿಕೊಂಡು ಧಡಧಡ ಇಳಿದಳು.

"ಏನಮ್ಮಾ ಚಂದ್ರಮತಿ! ಒಲೆ ಹಚ್ಚೋದಿಲ್ಲ ಅಂತ ತಾನೇ ಮನೆ ಕೊಟ್ಟದ್ದು? ಹನ್ನೊಂದು ವರ್ಷ ಈ ಗೋಡೆಗೆ ಒಂದು ಚುಕ್ಕೆ ಮಸಿ ಇಲ್ಲ. ನಿಮ್ಮನ್ನು ನಂಬಿ ಸುಮ್ಮನಿದ್ದೆ ಅಂದುಕೊಂಡೆಯಾ? ದಿನಾ ಬಂದು ಕಿಟಕಿಯಲ್ಲಿ ಇಣುಕಿದ್ದೇನೆ!"

ಬದರಿನಾಥನ್ ಕೆಮ್ಮುತ್ತಲೇ ಪೆನ್ನು ತೆರೆದರು. "ಹನ್ನೊಂದೋ, ಹತ್ತೋ?"

"ಹನ್ನೊಂದು! ಬರುವ ಆಡಿ ತಿಂಗಳಿಗೆ ಹನ್ನೆರಡು..." ಎಂದವಳು ಪೆನ್ನು ಕಂಡು ಗಪ್ಪನೆ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಬರೆದಾಗಿತ್ತು.

ಚಂದ್ರಮತಿ ತಾನು ಮಾಡಿದ ಕಾಪಿಯ ಲೋಟ ತಂದಿಟ್ಟಳು. ಒಂದು ಗುಟುಕು ಕುಡಿದ ಇನ್‌ಸ್ಪೆಕ್ಟರು, ಈ ಮನೆಯಲ್ಲಿ ಅಡುಗೆಯಾಗುವುದಿಲ್ಲವೆಂಬುದನ್ನೂ ಪೂರ್ತಿ ನಂಬಿದರು. ಸರ್ಟಿಫಿಕೇಟು ಶನಿವಾರವೇ ಬಂತು.