ಆರು ಗಂಟೆಯೊಳಗೆ

ಬೆಂದ ರಬ್ಬರಿನ ವಾಸನೆ, ಅದರ ಜೊತೆಗೇ ಸನ್ನದ ಹಬೆ. ನನ್ನ ಬಾಲ್ಯ ಎಂದರೆ ಈ ಎರಡೇ ನೆನಪಾಗುತ್ತವೆ.

ನಾನು ಒಂದು ರಬ್ಬರ್ ಮುದ್ರೆ. ಮಂಗಳೂರಿನ ಓಣಿಯೊಂದರಲ್ಲಿ, ಲಿಗೋರಿ ಎಂಬವರ ಅಂಗಡಿಯಲ್ಲಿ ಹುಟ್ಟಿದೆ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಮಾಸಿದ ಪರದೆ. ಪರದೆಯ ಈಚೆ ಲಿಗೋರಿಯವರು ಅಚ್ಚಿನ ಮೇಲೆ ರಬ್ಬರಿನ ಹಾಳೆಯಿಟ್ಟು, ಪ್ರೆಸ್ಸಿನ ಹಿಡಿ ತಿರುಗಿಸಿ ಕಾಯಿಸುತ್ತಿದ್ದರು. ಆಚೆ ಅವರ ಹೆಂಡತಿ ಸೆವ್ರಿನ್ ಬಾಯಿ ಶೇಂದಿ ಹಾಕಿ ಹುದುಗಿಸಿದ ಅಕ್ಕಿಹಿಟ್ಟನ್ನು ಬಟ್ಟಲುಗಳಿಗೆ ಹೊಯ್ದು ಸನ್ನ ಬೇಯಿಸುತ್ತಿದ್ದರು.

"ನಿಮ್ಮ ರಬ್ಬರಿನ ನಾತಕ್ಕೆ ನನ್ನ ಸನ್ನ ಮೂಸುವವರಿಲ್ಲ" ಎಂದು ಅವರು ಒಳಗಿನಿಂದ ಹೇಳುವರು.

"ನಿನ್ನ ಸನ್ನದ ಪರಿಮಳಕ್ಕೆ ಬಂದವನೇ ನನ್ನ ಹತ್ತಿರ ಮುದ್ರೆ ಮಾಡಿಸಿಕೊಂಡು ಹೋಗುವುದು ಮಾರಾಯ್ತಿ" ಎಂದು ಇವರು ಹೊರಗಿನಿಂದ.

ಅದೇ ದಿನ ಅದೇ ಹಾಳೆಯಿಂದ ನನ್ನ ಅಕ್ಕನೂ ಹುಟ್ಟಿದಳು. ಅವಳು ವಿಮಾನ ನಿಲ್ದಾಣಕ್ಕೆ ಹೋದಳು. ವಿಮಾನ ನಡೆಸುವವರು, ವಿಮಾನದೊಳಗೆ ಊಟ ಬಡಿಸುವವರು, ಇವರ ಕಾಗದಗಳ ಮೇಲೆ ಕೂರುವ ಕೆಲಸ ಅವಳದು. ನಾನು ಬಂದರಿಗೆ ಬಂದೆ. ಬಂದರಿನ ಹೆಸರು ಹೇಳುವುದಿಲ್ಲ. ಮುದ್ರೆಯಾದವಳು ಒತ್ತಿದಷ್ಟನ್ನೇ ಹೇಳಬೇಕು.

ನನ್ನ ಕೆಲಸ ಸಣ್ಣದು, ಆದರೆ ಹಗುರವಾದದ್ದಲ್ಲ. ಪರದೇಶದವರು ನಮ್ಮ ನೆಲದ ಮೇಲೆ ಕಾಲಿಡಬೇಕಾದರೆ ವೀಸಾ ಬೇಕು. ಹಡಗಿನಲ್ಲಿ ದುಡಿಯುವವರಿಗೆ ಮಾತ್ರ, ನಾನಿದ್ದ ಗೇಟಿನಲ್ಲಿ, ಒಂದು ರಿಯಾಯಿತಿ ಇತ್ತು. ಹಡಗು ದಡದಲ್ಲಿರುವಷ್ಟು ದಿನ ಅವರು ಒಂದು ಪಾಸ್ ಹಿಡಿದು ಹಗಲಿನಲ್ಲಿ ಊರು ನೋಡಿ ಬರಬಹುದು. ಊರಿನ ಎಲ್ಲೆ ದಾಟಬಾರದು, ಸಂಜೆ ಆರು ಗಂಟೆಯೊಳಗೆ ಹಿಂದಿರುಗಬೇಕು, ಹಡಗಿನಲ್ಲೇ ಮಲಗಬೇಕು. ಹಡಗು ಬಿಟ್ಟು ವಿಮಾನ ಹತ್ತಿ ಮನೆಗೆ ಹೋಗುವುದಾದರೆ ಪಾಸ್ ಸಾಲದು, ವೀಸಾವೇ ಆಗಬೇಕು. ಆ ಪಾಸಿನ ಮೇಲೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನನ್ನನ್ನು ಒತ್ತುತ್ತಿದ್ದರು. ಎರಡು ನೀಲಿ ವೃತ್ತ ಬಿದ್ದರೆ ಆ ಮನುಷ್ಯ ಕ್ಷೇಮವಾಗಿ ಮರಳಿದ ಎಂದು ಅರ್ಥ.

ನನ್ನನ್ನು ಮೊದಲು ಹಿಡಿದವರು ದೂಮಣ್ಣ ರೈಗಳು. ದಪ್ಪ ಬೆರಳು, ಕಡಿಮೆ ಮಾತು. ನಾನು ಕೆಳಗಿನಿಂದ ನೋಡುವವಳಾದ್ದರಿಂದ ಅವರ ಮುಖಕ್ಕಿಂತ ಅವರ ಗಲ್ಲವೇ ನನಗೆ ಹೆಚ್ಚು ಪರಿಚಯ. ಅವರಿಗೊಂದು ಅಭ್ಯಾಸವಿತ್ತು. ಪಾಸಿಗೆ ನನ್ನನ್ನು ಒತ್ತಿದ ಮೇಲೆ ಅದನ್ನು ಮಗುಚಿ, ಹಿಂಬದಿಯಲ್ಲಿ ಪೆನ್ಸಿಲಿನಿಂದ ಪುಟ್ಟ ಗಡಿಯಾರ ಬರೆಯುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಆಗ ಎಷ್ಟು ಗಂಟೆಯೋ ಅಷ್ಟಕ್ಕೇ ಮುಳ್ಳು. ಆಮೇಲೆ ನಾವಿಕನ ಕೈಗಡಿಯಾರವನ್ನು ಬೆರಳಿನಿಂದ ತಟ್ಟುವರು. ನಾವಿಕ ನಕ್ಕು ಮುಳ್ಳು ತಿರುಗಿಸಿಕೊಳ್ಳುವನು. ಅದರಲ್ಲಿ ಭಾಷೆಯೇ ಬೇಕಿರಲಿಲ್ಲ.

ರೈಗಳು ನಿವೃತ್ತರಾದಾಗ ಆ ಕುರ್ಚಿಗೆ ವಾರಿಜಾ ಬಂಗೇರ ಬಂದರು. ಕಡಲಿಗೆ ಬಲೆ ಬೀಸುವವರ ಮನೆಯ ಮಗಳು, ಬಿ.ಎ. ಓದಿದವರು. ನೇರ ಬೆನ್ನು, ನೇರ ಮಾತು. ರೈಗಳು ನನ್ನನ್ನು ಅವರ ಕೈಗಿಡುತ್ತಾ, "ಗಡಿಯಾರ ಒಂದು ಮರೀಬೇಡಿ" ಎಂದಿದ್ದರು. ವಾರಿಜಾ ಮೊದಲ ಕೆಲವು ತಿಂಗಳು ಬರೆದರು. ಅಷ್ಟರಲ್ಲಿ ಹೊಸ ಪಾಸುಗಳು ಅಚ್ಚಾಗಿ ಬಂದವು. ಎರಡೂ ಕಡೆ ನುಣುಪು, ಮುಂಬದಿಯಲ್ಲೇ ದಪ್ಪ ಅಕ್ಷರದಲ್ಲಿ 'ಆರು ಗಂಟೆಯೊಳಗೆ'. ಹಿಂಬದಿಯಲ್ಲಿ ಪೆನ್ಸಿಲು ಜಾರುತ್ತಿತ್ತು. ಇಷ್ಟು ದೊಡ್ಡದಾಗಿ ಅಚ್ಚಾಗಿರುವಾಗ ಗಡಿಯಾರ ಯಾಕೆ ಎಂದು ಅವರು ಬಿಟ್ಟುಬಿಟ್ಟರು. ಮುದುಕರೊಬ್ಬರ ಖಯಾಲಿ ಎಂದುಕೊಂಡಿರಬೇಕು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಕೊಲ್ಲಿಯ ಕಡೆಯಿಂದ ಒಂದು ಹಡಗು ಬಂತು. ಅದರ ಅಡುಗೆಯವನು ಅರ್ನೆಲ್, ಫಿಲಿಪೀನ್ಸಿನವನು, ಗುಂಡು ಮುಖದ ಮೂವತ್ತೈದರ ಮನುಷ್ಯ. ಅವನ ಪರವಾಗಿ ಕಾಗದ ಹಿಡಿದುಕೊಂಡು ಬಂದವರು ಹಡಗಿನ ಏಜೆಂಟರ ಕಡೆಯ ಇದಿನಬ್ಬ. ನಮ್ಮ ಗೇಟಿಗೆ ದಿನಕ್ಕೆ ನಾಲ್ಕು ಸಲ ಬರುವವರು, ಬಂದಾಗಲೆಲ್ಲ ಏನಾದರೊಂದು ತಮಾಷೆ ಮಾಡುವವರು.

"ಮೇಡಂ, ಇವನಿಗೆ ಬೇಗ ಒತ್ತಿ ಕೊಡಿ. ಹೆಂಡತಿಗೆ ಫೋನ್ ಮಾಡ್ಲಿಕ್ಕುಂಟು. ಇವನಿಗೆ ಎರಡು ಮಕ್ಕಳು, ಎರಡು ಹುಟ್ಟುವಾಗ್ಲೂ ಇವ ನೀರಿನ ಮೇಲೆ. ಈಗ ಮೂರನೇದು ಇನ್ನು ಮೂರು ವಾರಕ್ಕೆ. ಈ ಸಲ ಆದ್ರೂ ಅಪ್ಪ ಅಂತ ಒಬ್ಬ ಇದ್ದಾನೆ ಅಂತ ಮಗುವಿಗೆ ತೋರಿಸ್ಬೇಕಲ್ಲ."

"ಮನೆಗೆ ಹೋಗುವುದು ಹೇಗೆ?" ಎಂದರು ವಾರಿಜಾ.

"ಮುಂದಿನ ಬಂದರೂ ನಮ್ಮ ದೇಶದ್ದೇ, ಅಲ್ಲಿ ಇಳಿಸಿ ವಿಮಾನ ಹತ್ತಿಸ್ತೇವೆ. ವೀಸಾಕ್ಕೆ ಅರ್ಜಿ ಹಾಕಿ ಆಗಿದೆ."

ಅಂದು ಗೇಟಿನಲ್ಲಿ ಸಾಲು ಉದ್ದವಿತ್ತು. ವಾರಿಜಾ ನನ್ನನ್ನು ಒತ್ತಿ ಪಾಸ್ ಕೊಟ್ಟರು. ಅರ್ನೆಲ್ ಎರಡೂ ಕೈಯಲ್ಲಿ ಅದನ್ನು ಹಿಡಿದು ತಲೆಬಾಗಿ ಹೋದ.

ಐದಕ್ಕೆ ಅವನ ಹಡಗಿನ ನಾಲ್ವರು ಮರಳಿದರು. ಆರಾಯಿತು. ಆರು ಹತ್ತಾಯಿತು. ಇದಿನಬ್ಬರು ಗೇಟಿನ ಹೊರಗೆ ನಿಂತು ರಸ್ತೆ ನೋಡುತ್ತಿದ್ದರು. ಅವರ ತಮಾಷೆ ನಿಂತುಹೋಗಿತ್ತು. ಆರು ಇಪ್ಪತ್ತಕ್ಕೆ ಅರ್ನೆಲ್ ಬಂದ, ನಗುತ್ತಾ, ಅವಸರವೇ ಇಲ್ಲದೆ. ಕಂಕುಳಲ್ಲಿ ಒಂದು ಪೊಟ್ಟಣ. ಕೂಸಿಗೆ ಹೆಣೆದ ಎರಡು ಕಾಲುಚೀಲ. ಮೇಜಿನ ಮೇಲೆ ಪಾಸ್ ಇಟ್ಟು, ತನ್ನ ಕೈಗಡಿಯಾರವನ್ನು ಹೆಮ್ಮೆಯಿಂದ ಮುಂದೆ ಚಾಚಿದ.

"ಹತ್ತು ನಿಮಿಷ ಬೇಗನೇ ಬಂದೆ" ಎಂದ ತನ್ನ ತುಂಡು ಇಂಗ್ಲಿಷಿನಲ್ಲಿ.

ಅದರಲ್ಲಿ ಆರಕ್ಕೆ ಹತ್ತು ನಿಮಿಷ ಬಾಕಿಯಿತ್ತು.

ವಾರಿಜಾ ಅವನ ಮಣಿಕಟ್ಟು ನೋಡಿದರು, ಗೋಡೆ ನೋಡಿದರು. ಆಮೇಲೆ ಪಾಸ್ ಮಗುಚಿದರು. ಹಿಂಬದಿ ಖಾಲಿ, ನುಣುಪು, ಬಿಳಿ.

ಇದು ಹಡಗಿನವರು ಮಾತ್ರ ಮಾಡುವ ತಪ್ಪು. ಕಡಲಲ್ಲಿ ಪೂರ್ವಕ್ಕೆ ಬರುವಾಗ ಹಡಗಿನ ಗಡಿಯಾರವನ್ನು ಒಂದೊಂದೇ ಗಂಟೆ ಮುಂದೆ ಹಾಕುತ್ತಾರೆ. ನಮ್ಮ ದೇಶದ ಹೊತ್ತಿಗೆ ಬರಬೇಕಾದರೆ ಕೊನೆಗೆ ಇನ್ನೂ ಅರ್ಧ ಗಂಟೆ ಸೇರಿಸಬೇಕು. ಎರಡು ದಿನದ ಬಂದರಿಗೆ ಅರ್ಧ ಗಂಟೆ ಯಾಕೆ ಎಂದು ಆ ಹಡಗಿನ ಕ್ಯಾಪ್ಟನ್ ಹಾಗೆಯೇ ಬಿಟ್ಟಿದ್ದರು. ಅರ್ನೆಲ್ ಹಡಗಿನ ಹೊತ್ತಿನಲ್ಲೇ ಊರು ಸುತ್ತಿದ್ದ.

ಗೋಡೆಯತ್ತ ನೋಡಿದಾಗ ಅವನ ನಗು ಹೋಯಿತು. ಇದಿನಬ್ಬರು ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಮೇಡಂ, ತಡ ಅಂತ ಬರೆದ್ರೆ ಇವನ ಕಥೆ ಮುಗೀತು. ವೀಸಾ ಅರ್ಜಿಯಲ್ಲಿ ಕೇಳ್ತಾರೆ, ಮೊದಲು ಅನುಮತಿ ಮೀರಿದ್ದುಂಟಾ ಅಂತ. ಉಂಟು ಅಂದ್ರೆ ಅರ್ಜಿ ನಿಲ್ತದೆ. ಹಡಗು ನಿಲ್ಲುದಿಲ್ಲ. ಇನ್ನು ನಾಲ್ಕು ತಿಂಗಳು ಇವ ಅಲ್ಲೇ ಅನ್ನ ಬೇಯಿಸ್ಬೇಕು."

"ಗೊತ್ತುಂಟು."

"ಆರು ಅಂತ ಬರೆದ್ಬಿಡಿ. ಇಪ್ಪತ್ತು ನಿಮಿಷ ಅಲ್ವಾ? ಇಷ್ಟು ದೊಡ್ಡ ಸಮುದ್ರದಲ್ಲಿ ಎಲ್ಲಿಯೋ ಮುಳುಗಿ ಹೋಗ್ತದೆ."

ವಾರಿಜಾ ನನ್ನನ್ನು ಎತ್ತಿಕೊಂಡರು. ನನಗೆ ಭಯವಾಯಿತು. ಸುಳ್ಳಿನ ಮೇಲೆ ಅದುವರೆಗೆ ಕೂತವಳಲ್ಲ ನಾನು. ಹಾಗೆಂದು ಆ ಕಾಲುಚೀಲದ ಪೊಟ್ಟಣ ನೋಡಿದ ಮೇಲೆ ನಿಜದ ಮೇಲೆ ಕೂರುವುದೂ ಕಷ್ಟವೇ.

"ಇದಿನಬ್ಬರೇ, ಸುಳ್ಳಿಗೆ ಒಂದು ಸಲ ಒತ್ತಿದ್ರೆ ಈ ಮುದ್ರೆಯನ್ನು ನಾಳೆ ಯಾರು ನಂಬ್ತಾರೆ? ನಾಳೆಯ ನಾವಿಕನಿಗೆ ಇದರಿಂದ ಎಂತ ಉಪಯೋಗ?" ಎಂದರು. ಪಾಸಿನ ಖಾಲಿ ಬೆನ್ನಿನ ಮೇಲೆ ಬೆರಳಿಟ್ಟು, "ತಪ್ಪು ಇವನದ್ದಲ್ಲ. ಗಡಿಯಾರ ಬರೆದುಕೊಡ್ಲಿಲ್ಲ ನಾನು" ಎಂದರು.

"ಅದು ರೂಲಲ್ಲಿ ಇಲ್ವಲ್ಲ ಮೇಡಂ!"

"ರೂಲಲ್ಲಿ ಇಲ್ಲ. ಈ ಮೇಜಿನಲ್ಲಿ ಇತ್ತು. ರೈಗಳು ಹೇಳಿ ಹೋಗಿದ್ದರು."

ತಡವಾಗಿ ಬಂದವರ ಬಗ್ಗೆ ಒಂದು ದಾರಿ ನಿಯಮದಲ್ಲೇ ಇತ್ತು. ತಪ್ಪು ನಾವಿಕನದಲ್ಲ ಎಂದು ಮೇಜಿನಲ್ಲಿರುವ ಅಧಿಕಾರಿ ಕಾರಣ ಬರೆದು, ತನ್ನ ಸಹಿ ಹಾಕಿ ಒಪ್ಪಿಸಿದರೆ, ಮೇಲಿನವರು ಅದನ್ನು ಉಲ್ಲಂಘನೆ ಎಂದು ಎಣಿಸದೆ ಬಿಡಬಹುದು. ಆದರೆ ಆಗ ತಪ್ಪು ಯಾರದೆಂಬ ಜಾಗದಲ್ಲಿ ಯಾರದಾದರೂ ಹೆಸರು ಇರಲೇಬೇಕು. ಆ ವರ್ಷ ಬಡ್ತಿಯ ಪಟ್ಟಿಯಲ್ಲಿ ವಾರಿಜಾ ಅವರ ಹೆಸರು ಎರಡನೆಯದು. ಅದು ನನಗೂ ಗೊತ್ತಿತ್ತು, ಇದಿನಬ್ಬರಿಗೂ ಗೊತ್ತಿತ್ತು.

ಅವರು ಬರೆದರು. 'ಬಂದ ಹೊತ್ತು ಆರು ಇಪ್ಪತ್ತು. ಇಲ್ಲಿನ ಸಮಯವನ್ನು ನಾವಿಕನಿಗೆ ತಿಳಿಸುವ ರೂಢಿ ಈ ಗೇಟಿನಲ್ಲಿ ಇತ್ತು. ಅದನ್ನು ಬಿಟ್ಟವಳು ನಾನು.' ಕೆಳಗೆ ಸಹಿ ಹಾಕಿ, ಪಕ್ಕದಲ್ಲಿ ನನ್ನನ್ನು ಒತ್ತಿದರು. ಎಷ್ಟು ಬಲವಾಗಿ ಒತ್ತಿದರೆಂದರೆ ಕೆಳಗಿನ ಹಾಳೆಯ ಮೇಲೂ ನನ್ನ ಅಂಚು ಮೂಡಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಬಿದ್ದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಹಡಗು ಹೊರಡುವ ಮೊದಲು ಅರ್ನೆಲ್ ಮುಚ್ಚಿದ ಪಾತ್ರೆಯೊಂದನ್ನು ಇದಿನಬ್ಬರ ಕೈಯಲ್ಲಿ ಕಳಿಸಿದ. ವಾರಿಜಾ ಮುಚ್ಚಳ ತೆಗೆಯಲೂ ಇಲ್ಲ.

"ಡ್ಯೂಟಿಯಲ್ಲಿ ಇರುವಷ್ಟು ದಿನ ಹಡಗಿನವರ ಕೈಯಿಂದ ಒಂದು ಕಡ್ಡಿ ತಗೊಳ್ಳುವ ಹಾಗಿಲ್ಲ. ಬೇಜಾರು ಮಾಡ್ಬೇಡ ಅಂತ ಹೇಳಿ ಅವನಿಗೆ."

"ಅವ ಬೇಜಾರು ಮಾಡಿದ್ರೂ ನಾನು ಮಾಡುದಿಲ್ಲ. ನಾನೇ ತಿಂತೇನೆ" ಎಂದು ಇದಿನಬ್ಬರು ಪಾತ್ರೆಯನ್ನು ವಾಪಸು ಒಯ್ದರು.

ಮೇಲಿನವರು ಅರ್ನೆಲನ ತಡವನ್ನು ಉಲ್ಲಂಘನೆ ಎಂದು ಎಣಿಸಲಿಲ್ಲ. ವಾರಿಜಾ ಅವರಿಗೆ ವಿವರಣೆ ಕೇಳಿ ಪತ್ರ ಬಂತು, ಎಚ್ಚರಿಕೆಯೂ ಬಂತು. ಬಡ್ತಿ ಆ ವರ್ಷ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಎಚ್ಚರಿಕೆಯ ಪತ್ರವನ್ನು ಅವರು ಒಮ್ಮೆ ಓದಿ ಡ್ರಾಯರಿಗೆ ಹಾಕಿ, ಬಸ್ಸು ಹಿಡಿದು ಲಿಗೋರಿಯವರ ಅಂಗಡಿಗೆ ಹೋದರು. ಮರುದಿನ ನನ್ನ ಪಕ್ಕಕ್ಕೆ ತಂಗಿಯೊಬ್ಬಳು ಬಂದಳು. ದುಂಡು ಮುಖ, ಸುತ್ತ ಹನ್ನೆರಡು ಗೀಟು, ಮುಳ್ಳುಗಳಿಲ್ಲ. ನುಣುಪು ಪಾಸಿನ ಮೇಲೂ ಅವಳು ಚೆನ್ನಾಗಿ ಬೀಳುತ್ತಿದ್ದಳು. ಮುಳ್ಳು ಎರಡನ್ನು ವಾರಿಜಾ ಪೆನ್ನಿನಿಂದ ಎಳೆಯುತ್ತಿದ್ದರು. ಅಂದಿನಿಂದ ಒಂದು ಪಾಸೂ ಖಾಲಿ ಬೆನ್ನಿನಲ್ಲಿ ಹೋಗಲಿಲ್ಲ. ಸಾಲು ಎಷ್ಟೇ ಉದ್ದವಿರಲಿ, ಹಿಂದಿನವರು ಗೊಣಗಲಿ, ಅವರು ಬರೆಯದೆ ಬಿಡುತ್ತಿರಲಿಲ್ಲ.

ಆ ಹಡಗು ಹೋಗಿ ಒಂದು ತಿಂಗಳಾದ ಮೇಲೆ ಇದಿನಬ್ಬರು ಒಂದು ಫೋಟೋ ತಂದು ಮೇಜಿನ ಮೇಲಿಟ್ಟರು. ಆಸ್ಪತ್ರೆಯ ಹಾಸಿಗೆ, ದಣಿದ ಹೆಂಗಸು, ಅರ್ನೆಲನ ಗುಂಡು ಮುಖ. ಅವನ ತೋಳಲ್ಲಿ ಬಟ್ಟೆಯ ಮುದ್ದೆ, ಅದರಿಂದ ಹೊರಗೆ ಚಾಚಿದ ಎರಡು ಕಾಲುಚೀಲ.

"ಫೋಟೋ ತಗೊಳ್ಬಹುದಾ ಮೇಡಂ, ಅಥವಾ ಅದಕ್ಕೂ ರೂಲ್ ಉಂಟಾ?"

"ನೋಡ್ಲಿಕ್ಕೆ ರೂಲ್ ಇಲ್ಲ" ಎಂದು ವಾರಿಜಾ ಬಹಳ ಹೊತ್ತು ನೋಡಿ, ಹಿಂದೆ ಕೊಟ್ಟರು.

ಆಮೇಲೆ ಹದಿನಾರು ವರ್ಷ. ಬಡ್ತಿ ತಡವಾಗಿ ಬಂತು. ಬಂದ ಮೇಲೂ ಅವರು ಆ ಗೇಟನ್ನೇ ಕೇಳಿ ಉಳಿಸಿಕೊಂಡರು. ನನ್ನ ಅಂಚು ಸವೆಯಿತು, ಒಂದೆರಡು ಅಕ್ಷರ ಉದುರಿದವು. ಆಮೇಲೆ ಕಂಪ್ಯೂಟರು ಬಂತು, ಬೆರಳಚ್ಚು ಬಂತು, ಪಾಸು ಯಂತ್ರದಿಂದಲೇ ಹೊರಬೀಳತೊಡಗಿತು. ಅದರ ತಲೆಯ ಮೇಲೆ ಇಲ್ಲಿನ ಸಮಯವೂ ಅಚ್ಚಾಗಿರುತ್ತದೆ. ವಾರಿಜಾ ಕೇಳಿ ಕೇಳಿ, ಪತ್ರದ ಮೇಲೆ ಪತ್ರ ಬರೆದು ಹಾಕಿಸಿದ್ದು ಅದು.

ಕೆಲಸ ಮುಗಿದ ಮುದ್ರೆಗಳು ತಪ್ಪು ಕೈಗೆ ಸಿಗಬಾರದೆಂದು ಮುಖಕ್ಕೆ ಬ್ಲೇಡಿನಿಂದ ಅಡ್ಡಗೀಟು ಹಾಕುತ್ತಾರೆ. ನನಗೂ ತಂಗಿಗೂ ಅದಾಯಿತು. ನೋವಾಗಲಿಲ್ಲ. ಈಗ ನಾವಿಬ್ಬರೂ ಕಿಟಕಿಯ ಕಟ್ಟೆಯ ಮೇಲೆ ಕಾಗದ ಹಾರದಂತೆ ಕೂತಿದ್ದೇವೆ. ನನ್ನಲ್ಲಿ ಅನುಮತಿ ಕೊಡುವ ಶಕ್ತಿ ಉಳಿದಿಲ್ಲ. ಆದರೂ ಒಂದು ಮಾತು ಹೇಳಬಲ್ಲೆ. ಗಡಿ ಎಂಬುದು ಇರಲೇಬೇಕಾದದ್ದು, ಗಂಟೆಯೂ ಇರಲೇಬೇಕಾದದ್ದು. ಗಡಿಯ ಬಾಗಿಲಲ್ಲಿ ಕೂತವರು ಬಂದವರಿಗೆ ಈಗ ಎಷ್ಟು ಗಂಟೆ ಎಂದು ಮೊದಲು ಹೇಳಬೇಕು. ಅಷ್ಟೇ.

ನಿನ್ನೆ ವಾರಿಜಾ ಅವರ ಸೇವೆಯ ಕೊನೆಯ ದಿನ. ಅದೇ ಹೊತ್ತಿಗೆ ಒಂದು ಹಡಗು ದಡದಲ್ಲಿತ್ತು. ಅದು ಬರುವ ವಿಷಯ ಇದಿನಬ್ಬರಿಗೆ ತಿಂಗಳ ಮೊದಲೇ ತಿಳಿದಿತ್ತಂತೆ. ಅದರ ಅಡುಗೆಯವನಿಗೆ ಈ ಕೊನೆಯ ದಿನದ ಸುದ್ದಿ ಮುಟ್ಟಿಸಿದ್ದೂ ಅವರೇ. ಐದೂ ಮುಕ್ಕಾಲಿಗೆ ನರೆತ ತಲೆಯ ಗುಂಡು ಮುಖದವನೊಬ್ಬ ಹಡಗಿನ ಕಡೆಯಿಂದ ನಡೆದು ಬಂದು, ಗೇಟಿನ ಒಳಬದಿಯ ಬೆಂಚಿನ ಮೇಲೆ ಕುಳಿತ. ಮಡಿಲಲ್ಲಿ ಬಟ್ಟೆ ಸುತ್ತಿದ ಡಬ್ಬಿ. ಒಳಗೆ ಬರಲಿಲ್ಲ, ಕರೆಯಲಿಲ್ಲ. ತನ್ನ ಕೈಗಡಿಯಾರ ನೋಡಿದ, ಕಿಟಕಿಯಿಂದ ಗೋಡೆಯ ಗಡಿಯಾರ ನೋಡಿದ. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು.

ಆರಕ್ಕೆ ಸರಿಯಾಗಿ ವಾರಿಜಾ ಬೀಗದ ಕೈ ಮುಂದಿನವರಿಗೆ ಒಪ್ಪಿಸಿ, ಪುಸ್ತಕದಲ್ಲಿ ಸಹಿ ಹಾಕಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದರು. ಅರ್ನೆಲ್ ಎದ್ದುನಿಂತ. ಬಟ್ಟೆ ಬಿಚ್ಚಿ ಮುಚ್ಚಳ ಸ್ವಲ್ಪ ಸರಿಸಿದ. ಅವನ ಊರಿನ ಅಕ್ಕಿಯ ಕಡುಬು, ಪಕ್ಕದಲ್ಲಿ ಕೋಳಿಯ ಪಲ್ಯ. ಹಬೆ ಗಾಳಿಯಲ್ಲಿ ಕಿಟಕಿಯವರೆಗೆ ಬಂತು. ಸೆವ್ರಿನ್ ಬಾಯಿಯ ಪರದೆಯ ಆಚೆಯಿಂದ ಬರುತ್ತಿದ್ದದ್ದೂ ಇದೇ ಹಬೆ.

ಅರ್ನೆಲ್ ಮುಚ್ಚಳ ಹಾಕಿ, ಹಿಂದೆ ಪಾಸ್ ಹಿಡಿದಿದ್ದಂತೆಯೇ ಎರಡೂ ಕೈಯಲ್ಲಿ ಡಬ್ಬಿಯನ್ನು ಹಿಡಿದು, ಅವರ ಕೈಗಿಟ್ಟ.